ಉತ್ತರ ದಿಕ್ಕಿನ ಬಿಳಿ ಪಟ್ಟಿ

ಮಾನ್ಸನ್, ಮೇನ್
ಜೂನ್ 24, 1998

ಅಪ್ಪ,

ನೀನು ಅಂಚೆಗೆ ಹಾಕಿದ ಪೆಟ್ಟಿಗೆ ಸಿಕ್ಕಿತು. ಓಟ್ಸ್, ಕಡಲೆಕಾಯಿ ಬೆಣ್ಣೆ, ಒಣಗಿಸಿದ ಜಿಂಕೆ ಮಾಂಸ, ಎರಡು ಜೊತೆ ಉಣ್ಣೆಯ ಕಾಲುಚೀಲ ಎಲ್ಲವೂ ಇವೆ. ಏನೇನು ಇಟ್ಟಿದ್ದೀಯ ಎಂದು ಮುಚ್ಚಳದ ಒಳಗೆ ಚೀಟಿಯನ್ನೂ ಅಂಟಿಸಿದ್ದೀಯ. ಕಾಗದ ಮಾತ್ರ ಇರಲಿಲ್ಲ. ಇರಲಿ, ಅಡುಗೆಮನೆಯ ಮೇಜಿಗೆ ಎದುರುಬದುರಾಗಿ ಕೂತಾಗಲೂ ನಮ್ಮ ನಡುವೆ ಉಪ್ಪಿನ ಡಬ್ಬಿ ಹೋಗಿ ಬಂದದ್ದೇ ಹೆಚ್ಚು.

ಮೇನ್‌ನಿಂದ ಜಾರ್ಜಿಯಾದವರೆಗಿನ ಈ ಎರಡು ಸಾವಿರ ಮೈಲಿಯ ಕಾಲುಹಾದಿಯಲ್ಲಿ ಮೊದಲ ನೂರಹದಿನೈದು ಮುಗಿಯಿತು. ಕರಿನೊಣಗಳು ಕಿವಿಯ ಹಿಂದೆ ಕಚ್ಚಿ ಕಚ್ಚಿ ರಕ್ತ ಬರಿಸಿವೆ. ನನಗೊಂದು ಹೆಸರೂ ಬಿದ್ದಿದೆ. ಈ ಹಾದಿಯಲ್ಲಿ ಹೆಸರು ತಾನೇ ಇಟ್ಟುಕೊಳ್ಳುವಂತಿಲ್ಲವಲ್ಲ, ಬೇರೆಯವರು ಇಟ್ಟದ್ದನ್ನು ಹೊತ್ತುಕೊಳ್ಳಬೇಕು. ಮೂರನೆಯ ದಿನ ಬೆಳಗ್ಗೆ ಮಂಜಿನಲ್ಲಿ, ನಡೆಯುವವರು ರಾತ್ರಿ ತಂಗುವ ಶೆಡ್ಡಿನಿಂದ ಹೊರಟು, ಹಾಡಿಕೊಂಡು ಎರಡು ಮೈಲಿ ನಡೆದೆ. ಹಿಂದಿನ ದಿನ ದಾಟಿದ್ದ ಕೆರೆ ಮತ್ತೆ ಎದುರಿಗೆ ಬಂತು. ಅದರ ದಂಡೆಯಲ್ಲಿ ನನ್ನ ಹಿಂದೆ ಬರುತ್ತಿದ್ದ ಒಬ್ಬ ಮುದುಕ ಕಾಫಿ ಕಾಯಿಸುತ್ತಿದ್ದ.

"ಏನಮ್ಮಾ, ಜಾರ್ಜಿಯಾ ಇಷ್ಟು ಬೇಗ ಮುಗೀತಾ? ವಾಪಸ್ ಹೊರಟುಬಿಟ್ಯಲ್ಲ!" ಎಂದ.

ಬಂದ ಕಡೆಗೇ ಮುಖ ಮಾಡಿ ಹೊರಟಿದ್ದೆ. ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪಂತೆ ಅದು. ಅವತ್ತಿನಿಂದ ನಾನು ಉಲ್ಟಾ. ಆ ಮುದುಕ ಕಾಗದ ಹಂಚಿ ನಿವೃತ್ತನಾದವನು, ಹಾಗಾಗಿ ಅವನು ಎಲ್ಲರಿಗೂ ಅಂಚೆಯಣ್ಣ.

ಎಲ್ಲರೂ ಜಾರ್ಜಿಯಾದಿಂದ ಉತ್ತರಕ್ಕೆ ನಡೆಯುವಾಗ ನೀನೇಕೆ ಉತ್ತರದಿಂದ ಕೆಳಗಿಳಿಯುತ್ತೀಯ ಎಂದು ನೀನು ನನ್ನನ್ನು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ನವೆಂಬರ್ 11ಕ್ಕೆ ವೇಡ್ ಅಣ್ಣ ಹೋಗಿ ಒಂಬತ್ತು ವರ್ಷ. ಅವನೂ ಇದೇ ಹಾದಿಯಲ್ಲಿ ಉತ್ತರದಿಂದ ನಡೆದು ಬಂದಿದ್ದ. ಹೆದ್ದಾರಿಯಿಂದ ನಮ್ಮ ಮನೆ ರಸ್ತೆಯವರೆಗಿನ ಒಂಬತ್ತು ಮೈಲಿಯನ್ನು ಅದೇ ದಿನ, ಅವನು ಬಂದ ದಿಕ್ಕಿನಿಂದಲೇ ನಡೆಯಬೇಕು. ನನ್ನ ಕಾರಿಗೆ ಕಾದು ಕಾದು, ಬರದೇ ಹೋದಾಗ, ಆ ಚಳಿಯಲ್ಲಿ ಅವನು ನಡೆದೇ ಹೊರಟ ಒಂಬತ್ತು ಮೈಲಿ. ಒಮ್ಮೆ ನಡೆದುಬಿಟ್ಟರೆ ಮೂವತ್ತು ತುಂಬುವ ಹೊತ್ತಿಗಾದರೂ ಎದೆಯ ಭಾರ ಇಳಿದೀತೇನೋ ಎಂದು ಆಸೆ.

ಕೊರಿನ್


ಹಿಕರಿ ಗ್ಯಾಪ್ ರಸ್ತೆ, ವರ್ಜೀನಿಯಾ
ಜುಲೈ 12

ಕೊರಿ,

ಕಾಗದ ಬರೆಯುವುದು ನನಗೆ ಕಬ್ಬಿಣದ ಕಡಲೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನಿಗೆ "ಕೂತ್ಕೊಳ್ರೋ" ಎನ್ನುವುದು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಹೊಸ ಕಾಲುಚೀಲ ಇದೆ, ಹಳೆಯದನ್ನು ಹೊಲಿಯುತ್ತಾ ಕೂರಬೇಡ. ಗುಳ್ಳೆ ಎದ್ದರೆ ಒಡೆಯಬೇಡ.

ಹಾದಿಯಲ್ಲಿ ನಾನು ನೋಡಿಕೊಳ್ಳುವ ಒಂಬತ್ತು ಮೈಲಿ ಚೆನ್ನಾಗಿದೆ. ಮೂರು ಕಡೆ ಮರ ಬಿದ್ದಿತ್ತು, ಕೊಯ್ದು ಬದಿಗೆ ಹಾಕಿದೆ. ನೀರಿನ ಚರಂಡಿಗಳನ್ನು ಬಿಡಿಸಿದೆ. ಇಪ್ಪತ್ತನಾಲ್ಕು ವರ್ಷವಾಯಿತು ಈ ಕೆಲಸ ಹಿಡಿದು. ಸಂಬಳವಿಲ್ಲ, ರಜೆಯೂ ಇಲ್ಲ. ಮಂಡಿ ಮಾತ್ರ ದಿನವೂ ರಾಜೀನಾಮೆ ಕೊಡುತ್ತದೆ.

ಉಲ್ಟಾ ಹೆಸರು ಸರಿಯಾಗಿದೆ. ನೀನು ಹುಟ್ಟುವಾಗಲೂ ಕಾಲು ಮೊದಲು ಬಂದಿತ್ತು. ನಿನ್ನ ಅಮ್ಮ ಇದ್ದಿದ್ದರೆ ಇದನ್ನು ಕೇಳಿ ಚರ್ಚಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಒಂದು ಮಾತು. ನವೆಂಬರಿನಲ್ಲಿ ನಮ್ಮ ಕಡೆ ಹವಾಮಾನ ಹೇಗಿರುತ್ತದೆ ನಿನಗೆ ಗೊತ್ತು. ಹೆದ್ದಾರಿಗೆ ಟ್ರಕ್ಕು ತರುತ್ತೇನೆ. ನಿನ್ನನ್ನು ಮನೆಗೆ ಕರೆತಂದು, ಎರಡು ದಿನ ಉಣ್ಣಿಸಿ, ಒಂಬತ್ತು ಮೈಲಿ ಆಚೆಗೆ ಮತ್ತೆ ಹಾದಿಗೆ ಬಿಡುತ್ತೇನೆ. ಎರಡು ಸಾವಿರ ಮೈಲಿಯಲ್ಲಿ ಒಂಬತ್ತು ಬಿಟ್ಟರೆ ಯಾರು ಕೇಳುತ್ತಾರೆ?

ಅಪ್ಪ


ಹ್ಯಾನೋವರ್, ನ್ಯೂ ಹ್ಯಾಂಪ್‌ಶೈರ್
ಆಗಸ್ಟ್ 9

ಅಪ್ಪ,

ನಿನ್ನ ಕಾಗದವನ್ನು ಮೂರು ಸಲ ಓದಿದೆ, ಇದನ್ನು ಬರೆದವನು ನೀನೇನಾ ಎಂದು. ನನಗೆ ಹತ್ತು ವರ್ಷವಾಗಿದ್ದಾಗ ಒಂದು ತಿರುವಿನಲ್ಲಿ ಅಡ್ಡದಾರಿ ಹಿಡಿದು ಕಾಲು ಮೈಲಿ ಉಳಿಸಿದೆ ಎಂದು ನನ್ನನ್ನು ವಾಪಸ್ ನಡೆಸಿ, ನಾನು ಬಿಟ್ಟುಬಂದಿದ್ದ, ದಾರಿ ತೋರಿಸಲು ಮರಗಳಿಗೆ ಬಳಿದ ಬಿಳಿ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿಸಿಕೊಂಡು ಕರೆತಂದವನು ನೀನು. "ಮರದ ಮೇಲೆ ಪಟ್ಟಿ ಬಳಿದವನು ಒಂದು ಮಾತು ಕೊಟ್ಟಿರ್ತಾನೆ, ಅದನ್ನ ದಾಟಬಾರದು" ಎಂದಿದ್ದೆ. ಈಗ ಬೇರೆ ಯಾವುದನ್ನಾದರೂ ಬಿಟ್ಟೇನು, ಆ ಒಂಬತ್ತನ್ನು ಬಿಡುವುದಿಲ್ಲ.

ಬಿಳಿ ಬೆಟ್ಟಗಳನ್ನು ದಾಟುವಾಗ ಎರಡು ದಿನ ಮಳೆ, ಗಾಳಿ. ಅಂಚೆಯಣ್ಣನೂ ನಾನೂ ಒಂದೇ ಶೆಡ್ಡಿನಲ್ಲಿ ಸಿಕ್ಕಿಬಿದ್ದೆವು. ಮಾಡಲು ಕೆಲಸವಿರಲಿಲ್ಲ. ಅವನು ನನ್ನ ತಲೆ ನೋಡಿ ಕೇಳಿದ: "ಅಲ್ಲಮ್ಮಾ, ಹುಡುಗನ ಹಾಗೆ ಯಾಕೆ ಕತ್ತರಿಸ್ಕೊಂಡಿದೀಯ? ಮಿಲಿಟರಿಗೆ ಸೇರಿದ್ಯಾ?"

ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟೆ. ಆ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅಣ್ಣನನ್ನು ಹೆದ್ದಾರಿಯಿಂದ ಕರೆತರಬೇಕಿತ್ತು. ಸಂಜೆ ಡಾನ್ಸ್ ಇತ್ತು. ಕೂದಲು ಸುರುಳಿ ಮಾಡಿಸಲು ಕೂತೆ. ಔಷಧಿ ಹಚ್ಚಿ, ಸುತ್ತಿ, ಒಣಗಿಸಿ ಎದ್ದಾಗ ಮೂರೂವರೆ. ಹೆದ್ದಾರಿಗೆ ಹೋದಾಗ ನಾಲ್ಕು. ಅಲ್ಲಿ ಯಾರೂ ಇರಲಿಲ್ಲ.

"ಮೂರು ಗಂಟೆ ತಡವಾದ್ರೆ ಯಾರೂ ಸಾಯಲ್ಲ ಬಿಡಮ್ಮ" ಎಂದ ಅಂಚೆಯಣ್ಣ.

"ಸತ್ತ" ಎಂದೆ.

ಅವನು ಸ್ಟವ್ ಹಚ್ಚಿ, ಉಳಿದಿದ್ದ ಕೊನೆಯ ಕೋಕೋ ಪುಡಿಯನ್ನು ನನ್ನ ಲೋಟಕ್ಕೇ ಸುರಿದ. ಅಪ್ಪ, ನೀನು ಅವತ್ತು ಅಡುಗೆಮನೆಯಲ್ಲಿ ನನ್ನ ತಲೆಯನ್ನೇ ನೋಡುತ್ತಾ, "ಮೂರು ಗಂಟೆ, ಕೊರಿನ್" ಎಂದೆಯಲ್ಲ, ಅದು ನೆನಪಿದೆಯಾ? ನನಗೆ ದಿನವೂ ನೆನಪಾಗುತ್ತದೆ. ಬೈದಿದ್ದರೆ ಮರೆಯುತ್ತಿದ್ದೆ.

ಕೊರಿನ್


ಹಿಕರಿ ಗ್ಯಾಪ್ ರಸ್ತೆ
ಸೆಪ್ಟೆಂಬರ್ 3

ಕೊರಿ,

ಪೆನ್ಸಿಲ್ವೇನಿಯಾದ ಕಲ್ಲುಗಳಿಗೆಂದು ದಪ್ಪ ಅಟ್ಟೆಯ ಬೂಟು ಕಳಿಸಿದ್ದೇನೆ. ಅರ್ಧ ಅಳತೆ ದೊಡ್ಡದು, ಅಷ್ಟು ದೂರ ನಡೆದವರ ಪಾದ ಹಿಗ್ಗಿರುತ್ತದೆ. ಆಲೂಗಡ್ಡೆ ಪುಡಿ ಹೆಚ್ಚು ಹಾಕಿದ್ದೇನೆ. ನಿನ್ನ ಅಂಚೆಯಣ್ಣನಿಗೆಂದು ಒಂದು ಡಬ್ಬಿ ಕೋಕೋ ಇದೆ.

ನೆನಪಿದೆ.

ನಿನಗೆ ಒಂದು ವಿಷಯ ಹೇಳಬೇಕು. ಹೇಳಬೇಕೆಂದು ನಿನ್ನ ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಕೈ ಹಿಡಿದು ಹೇಳಿದ್ದಳು. ಆಯಿತು ಎಂದೆ. ಅದಾಗಿ ಎರಡು ವರ್ಷವಾಯಿತು. ಈ ಕಾಗದವನ್ನು ಐದು ಸಲ ಬರೆದು ಐದು ಸಲವೂ ಒಲೆಗೆ ಹಾಕಿದೆ. ಇವತ್ತು ಅಂಚೆ ಹೊರಡುವ ಹೊತ್ತಾಯಿತು.

ಅಪ್ಪ


ಹಾರ್ಪರ್ಸ್ ಫೆರಿ
ಅಕ್ಟೋಬರ್ 1
(ಚಿತ್ರದ ಕಾರ್ಡು)

ಅಪ್ಪ, ನಿನ್ನ ಕಾಗದ ಬೂಟಿನ ಒಳಗೆ ತುರುಕಿತ್ತು. ಅದನ್ನು ನೋಡದೆ ಒಂದು ವಾರ ಅದರ ಮೇಲೇ ನಡೆದಿದ್ದೇನೆ. ಹೇಳಬೇಕಾದದ್ದನ್ನು ಹೇಳು. ನವೆಂಬರ್ ಮೊದಲ ವಾರ ಪಿಯರಿಸ್‌ಬರ್ಗ್ ಅಂಚೆಕಚೇರಿಯಲ್ಲಿರುತ್ತೇನೆ. ಅಂಚೆಯಣ್ಣ ಮಂಡಿ ಕೈಕೊಟ್ಟು ಮನೆಗೆ ಹೋದ, ಕೋಕೋ ಕೊಟ್ಟದ್ದಕ್ಕೆ ನಿನ್ನನ್ನು ನೆನೆಸಿಕೊಂಡ. ಈಗ ಒಬ್ಬಳೇ. ಕೊರಿನ್


ಹಿಕರಿ ಗ್ಯಾಪ್ ರಸ್ತೆ
ಅಕ್ಟೋಬರ್ 20

ಕೊರಿ,

ಇದನ್ನು ಕೂತು ಓದು. ಈ ಸಲ ಕಾಗದ ಎಲ್ಲದಕ್ಕಿಂತ ಮೇಲೆ ಇಟ್ಟಿದ್ದೇನೆ.

ಆ ವರ್ಷ ಸೆಪ್ಟೆಂಬರಿನ ಬಿರುಗಾಳಿಗೆ, ಎರಡು ಬೆಟ್ಟಗಳ ನಡುವಿನ ಗ್ಯಾಪಿನ ತಿರುವಿನಲ್ಲಿದ್ದ ದೊಡ್ಡ ಮರ ಬಿತ್ತು. ಹಾದಿ, ಮರ ಸಾಗಿಸುತ್ತಿದ್ದ ಹಳೆಯ ದಿಮ್ಮಿ ರಸ್ತೆಯನ್ನು ಬಿಟ್ಟು ಬಲಕ್ಕೆ ಏರುವ ಜಾಗ ಅದು. ಇಲ್ಲಿ ತಿರುಗಬೇಕೆಂದು ಹೇಳುವ ಜೋಡಿ ಪಟ್ಟಿ ಆ ಮರದ ಮೇಲಿತ್ತು. ಅಕ್ಟೋಬರ್ 21ರ ಶನಿವಾರ ಬಣ್ಣದ ಡಬ್ಬಿ, ಕುಂಚ ಹಿಡಿದು ಹೋದೆ. ಪಕ್ಕದ ಓಕ್ ಮರವನ್ನು ಆರಿಸಿ, ತೊಗಟೆ ಹೆರೆದು, ಎರಡಂಗುಲ ಅಗಲ ಆರಂಗುಲ ಉದ್ದದ ಪಟ್ಟಿಗಳನ್ನು ಬಳಿದೆ. ದಕ್ಷಿಣದ ಮುಖಕ್ಕೆ ಬಳಿಯುವಷ್ಟರಲ್ಲಿ ಬಣ್ಣ ಮುಗಿಯಿತು. ಉತ್ತರದ ಮುಖ ಹಾಗೇ ಉಳಿಯಿತು. ಆ ಮುಖ ಕಾಣುವುದು ಉತ್ತರದಿಂದ ನಡೆದು ಬರುವವರಿಗೆ, ಅಂಥವರು ಆಗ ವರ್ಷಕ್ಕೆ ಹತ್ತು ಜನ ಇರಲಿಲ್ಲ. ಮುಂದಿನ ಶನಿವಾರ ಬಳಿದರಾಯಿತು ಎಂದುಕೊಂಡೆ. ಮುಂದಿನ ಶನಿವಾರ ಸೌದೆ ಒಡೆದೆ. ಅದರ ಮುಂದಿನ ಶನಿವಾರ ಮಳೆ. ಅದರ ಮುಂದಿನ ಶನಿವಾರ ನವೆಂಬರ್ 11.

ಮಾರನೆಯ ದಿನ ಬೆಳಗ್ಗೆ ನಾನೊಬ್ಬನೇ ಹೆದ್ದಾರಿಯ ಕಡೆಯಿಂದ ಹುಡುಕುತ್ತಾ ಹೋದದ್ದು ನಿನಗೆ ಗೊತ್ತು. ನಾಲ್ಕನೆಯ ಮೈಲಿಯ ಶೆಡ್ಡಿನಲ್ಲಿ, ಬಂದುಹೋಗುವವರು ಬರೆದಿಡುವ ಪುಸ್ತಕವನ್ನು ತೆಗೆದು ನೋಡಿದೆ. ಕೊನೆಯ ಬರಹ ವೇಡ್‌ನದು. ಅಲ್ಲಿಂದ ಎರಡು ಮೈಲಿ ಓಡಿದೆ. ಓಕ್ ಮರದ ಉತ್ತರದ ಮುಖ ಬರಿದಾಗಿತ್ತು, ಕೆಳಗೆ ಎಲೆ ಬಿದ್ದು ಹಾದಿಯೇ ಕಾಣುತ್ತಿರಲಿಲ್ಲ. ಅವನು ಎಲ್ಲಿ ಹೋಗಿದ್ದಾನೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ದಿಮ್ಮಿ ರಸ್ತೆಯಲ್ಲೇ ನೇರ ಇಳಿದೆ. ಹಳೆಯ ಸೇತುವೆ ಕೊಚ್ಚಿಹೋದಲ್ಲಿ, ಹಳ್ಳದ ತಳದಲ್ಲಿ ಸಿಕ್ಕಿದ.

ಅವನನ್ನು ಎತ್ತಲು ಜನ ನಮ್ಮ ಮನೆ ಕಡೆಯಿಂದ ಹತ್ತಿ ಬಂದರು. ಅವರಿಗೆ ಕಂಡದ್ದು ದಕ್ಷಿಣದ ಮುಖ, ಹೊಚ್ಚ ಹೊಸ ಪಟ್ಟಿ. ಒಬ್ಬ ಕೇಳಿದ: "ಇಷ್ಟು ಢಾಳಾಗಿ ಬಳಿದಿದೀರಲ್ಲ ಹಾರ್ಲನ್, ಹುಡುಗನಿಗೆ ಹೇಗೆ ಕಾಣ್ಲಿಲ್ಲ?" ನಾನು ಬಾಯಿ ಬಿಡಲಿಲ್ಲ. ಪುಸ್ತಕ ಆಗಲೇ ನನ್ನ ಅಂಗಿಯೊಳಗಿತ್ತು.

ಮನೆಗೆ ಬಂದಾಗ ನೀನು ಅಡುಗೆಮನೆಯಲ್ಲಿದ್ದೆ. ನಿನ್ನ ತಲೆಯಿಂದ ಔಷಧಿಯ ವಾಸನೆ ಇನ್ನೂ ಬರುತ್ತಿತ್ತು. ಎಲ್ಲವೂ ಗೊತ್ತಿದ್ದೇ ನಾನು ಆ ಮಾತು ಆಡಿದೆ. ಕೊರಿ, ನನ್ನ ಬಾಯಿಂದ ಅದು ಜಾರಿದ್ದಲ್ಲ. ಯಾರ ಮೇಲಾದರೂ ಹಾಕಬೇಕಿತ್ತು, ನೀನು ಎದುರಿಗಿದ್ದೆ.

ಮಣ್ಣು ಮಾಡಿದ ಮರುದಿನ ಹೋಗಿ ಉತ್ತರದ ಮುಖಕ್ಕೆ ಬಳಿದೆ. ಅಷ್ಟು ಚಳಿಯಲ್ಲಿ ಬಣ್ಣ ಹಿಡಿಯುವುದಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಬಳಿದೆ. ವಸಂತಕ್ಕೆ ಎದ್ದುಹೋಯಿತು, ಮತ್ತೆ ಬಳಿದೆ. ನಿನ್ನ ಅಮ್ಮ ನನ್ನ ಕೈಗವಸಿನ ಮೇಲೆ ಬಿಳಿ ಬಣ್ಣ ನೋಡಿದಳು. ಏನೂ ಕೇಳದೆ ಒಗೆದು ಒಣಹಾಕಿದಳು. "ನಾಳೆ ಅಂದವನ ಮನೆ ಹಾಳು" ಎಂದು ದಿನಕ್ಕೆ ಹತ್ತು ಸಲ ನನ್ನನ್ನು ಹಂಗಿಸುತ್ತಿದ್ದವಳು ಆಮೇಲೆ ಸಾಯುವವರೆಗೆ ಆ ಗಾದೆ ಹೇಳಲಿಲ್ಲ.

ಪುಸ್ತಕ ಈ ಪೆಟ್ಟಿಗೆಯ ತಳದಲ್ಲಿದೆ, ಮಳೆಯಂಗಿಯಲ್ಲಿ ಸುತ್ತಿದ್ದೇನೆ. ಅದು ನಿನ್ನದು. ಒಂಬತ್ತು ವರ್ಷದ ಹಿಂದೆಯೇ ನಿನ್ನ ಕೈಗೆ ಕೊಡಬೇಕಿತ್ತು. ಅವನು ಬರೆದದ್ದನ್ನು ಇಲ್ಲಿಯೂ ಇಳಿಸುತ್ತೇನೆ, ಅವನ ಅಕ್ಷರ ನಿನಗೆ ಗೊತ್ತಲ್ಲ, ಕೋಳಿ ಕೆದಕಿದ ಹಾಗೆ.

"ಶನಿವಾರ, 3 ಗಂಟೆ. ಕೊರಿ ಬರಲಿಲ್ಲ. ಹದಿನೈದು ನಿಮಿಷ ನೋಡಿದೆ, ಹೊರಟೆ. ಇವತ್ತು ಡಾನ್ಸ್ ಇದೆ, ತಲೆ ಸುರುಳಿ ಮಾಡಿಸ್ಕೊಳ್ತಾ ಕೂತಿರ್ತಾಳೆ. ಕುರಿಮರಿ ಥರ ಕಾಣ್ತಾಳೆ, ನಾಳೆ ಪೂರ್ತಿ ರೇಗಿಸ್ಬೇಕು. ಅವಳು ಬಂದಿದ್ರೂ ಚೀಲ ಕಾರಿಗೆ ಹಾಕಿ ನಡೆದೇ ಬರ್ತಿದ್ದೆ. ಎರಡು ವಾರ ನಡೆದು ಕೊನೇ ಒಂಬತ್ತು ಮೈಲಿ ಯಾರು ಕಾರಲ್ಲಿ ಹೋಗ್ತಾರೆ? ಮುಂದಿನ ವರ್ಷ ಜಾರ್ಜಿಯಾ. ಮಂಜು ದಟ್ಟ ಇದೆ. ಪರವಾಗಿಲ್ಲ, ಇದು ಅಪ್ಪನ ಭಾಗ. ಕಣ್ಣು ಕಟ್ಟಿ ಬಿಟ್ರೂ ಮನೆ ಸೇರ್ತೀನಿ. ವೇಡ್ ಸ್ಟಿಡಮ್."

ಇದರ ಕೊನೆಯ ಸಾಲುಗಳಿಗೆ ಹೆದರಿ ನಿನ್ನ ಬಗ್ಗೆ ಬರೆದ ಸಾಲುಗಳನ್ನೂ ಮುಚ್ಚಿಟ್ಟೆ. ಒಂದು ದಿನವೂ ತಡಮಾಡದೆ ಬಸ್ಸು ಓಡಿಸಿದವನು ಎಂದು ಊರೆಲ್ಲ ಹೊಗಳಿಸಿಕೊಂಡೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನೀನು ಅಲ್ಲಿಗೆ ಬರುವ ಮೊದಲು ನಿನಗೆ ಗೊತ್ತಿರಬೇಕು, ಅಷ್ಟೇ. ಅವನು ನಿನಗಾಗಿ ಕಾಯುತ್ತಾ ನಿಂತಿರಲಿಲ್ಲ. ನಿನ್ನದು ಏನೂ ತಪ್ಪಿಲ್ಲ.

ಹಾರ್ಲನ್
(ಅಪ್ಪ ಎಂದು ಬರೆಯಲು ಈ ಕಾಗದದಲ್ಲಿ ಧೈರ್ಯ ಬರಲಿಲ್ಲ)


ಹಿಕರಿ ಗ್ಯಾಪ್ ರಸ್ತೆ
ನವೆಂಬರ್ 5

ಕೊರಿ,

ಗ್ಯಾಪಿಗೆ ಮೊದಲು ನಿನಗೆ ಸಿಗುವ ಕೊನೆಯ ಅಂಚೆಕಚೇರಿ ಬ್ಲಾಂಡ್. ಅಲ್ಲಿಗೆ ಇದನ್ನು ಹಾಕುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಹತ್ತು ದಿನದ ಊಟ, ದಪ್ಪ ಟೋಪಿ, ಜೋಳದ ರೊಟ್ಟಿ. ರೊಟ್ಟಿ ಒಣಗಿರುತ್ತದೆ, ಸೂಪಿಗೆ ಅದ್ದಿ ತಿನ್ನು.

ಪಿಯರಿಸ್‌ಬರ್ಗ್ ಅಂಚೆಕಚೇರಿಗೆ ಫೋನ್ ಮಾಡಿದ್ದೆ. ಕಿಟಕಿಯಲ್ಲಿ ಕೂರುವ ಹೆಂಗಸು, "ಗಿಡ್ಡ ಕೂದಲಿನ ಹುಡುಗಿ ತಾನೇ? ತಗೊಂಡು ಹೋದಳು. ಹೋದಳು ಅಂದ್ರೆ ಎಲ್ಲಿ, ನಮ್ಮ ಮೆಟ್ಟಿಲ ಮೇಲೇ ಎರಡು ಗಂಟೆ ಕೂತಿದ್ಲು. ಒಮ್ಮೆ ಜೋರಾಗಿ ನಕ್ಕಳು. ಆಮೇಲೆ ಅತ್ತಳು. ಒಳಗೆ ಬಾರಮ್ಮ ಅಂದೆ, ಬರ್ಲಿಲ್ಲ. ನೀವು ಅವಳಿಗೆ ಏನಾಗಬೇಕು?" ಎಂದು ಕೇಳಿದಳು.

ಪೆಟ್ಟಿಗೆ ಕಳಿಸಿದವನು ಎಂದೆ.

11ನೇ ತಾರೀಖು ನಾನು ಹೆದ್ದಾರಿಗೂ ಬರುವುದಿಲ್ಲ, ಮರದ ಹತ್ತಿರವೂ ನಿಲ್ಲುವುದಿಲ್ಲ. ಆ ದಿನ ನಿನ್ನದು ಮತ್ತು ಅವನದು. ಮನೆಯಲ್ಲಿ ಒಲೆ ಹಚ್ಚಿ ಕೂತಿರುತ್ತೇನೆ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ನೀನು ಬರಲೇಬೇಕು ಎಂದು ಹೇಳುತ್ತಿಲ್ಲ. ಶನಿವಾರ ಹಾದಿಯ ಎಲೆ ಗುಡಿಸಲು ಹೋಗುತ್ತೇನೆ.

ಹಾರ್ಲನ್


ಶೆಡ್ಡಿನ ಪುಸ್ತಕ, ಹಿಕರಿ ಗ್ಯಾಪ್‌ನ ಉತ್ತರಕ್ಕೆ ಎರಡು ಮೈಲಿ
ನವೆಂಬರ್ 11, 1998. ಮಧ್ಯಾಹ್ನ 2

ಈ ಭಾಗವನ್ನು ನೋಡಿಕೊಳ್ಳುವವರ ಗಮನಕ್ಕೆ:

ಹೆದ್ದಾರಿಯಿಂದ ಅರ್ಧ ಮೈಲಿಯಲ್ಲಿ ಒಂದು ಮರ ಅಡ್ಡ ಬಿದ್ದಿದೆ, ಗರಗಸ ತನ್ನಿ. ಮೂರನೆಯ ಮೈಲಿಯ ಚರಂಡಿ ಎಲೆ ತುಂಬಿ ಕಟ್ಟಿಕೊಂಡಿದೆ, ಕೈಯಲ್ಲೇ ತೆಗೆದಿದ್ದೇನೆ. ಇಲಿಗಳು ಶೆಡ್ಡಿನ ಮೂಲೆಯಲ್ಲಿ ಸಂಸಾರ ಹೂಡಿವೆ.

ತಿರುವಿನ ಓಕ್ ಮರ, ಉತ್ತರದ ಮುಖ: ಮಂಜು ಇತ್ತು. ಜೋಡಿ ಪಟ್ಟಿ ನಲವತ್ತು ಹೆಜ್ಜೆ ದೂರದಿಂದ ಕಾಣಿಸಿತು. ಎಣಿಸಿದ್ದೇನೆ.

ಅಪ್ಪ, ಹತ್ತಿರ ಹೋಗಿ ಕೈಗವಸು ತೆಗೆದು ಮುಟ್ಟಿದೆ. ದಕ್ಷಿಣದ ಮುಖದ ಬಣ್ಣ ಎಲ್ಲ ಮರದಲ್ಲಿರುವಂತೆ ತೆಳುವಾಗಿದೆ. ಉತ್ತರದ್ದು ಜೋಳದ ರೊಟ್ಟಿಯಷ್ಟು ದಪ್ಪ. ಎಷ್ಟು ಸಲ ಬಳಿದಿದ್ದೀಯ? ಕಣ್ಣು ಕಾಣದವರೂ ಬೆರಳಿಂದ ಓದಬಹುದು.

ಮರದ ಬುಡದಲ್ಲಿ ನಿನ್ನನ್ನು ಬಾಯಿ ತುಂಬ ಬೈದೆ. ಜೋರಾಗಿ ಬೈದೆ, ಕೇಳುವವರು ಯಾರೂ ಇರಲಿಲ್ಲ. ಬಣ್ಣಕ್ಕೆ ಬೈಯಲಿಲ್ಲ. ಡಬ್ಬಿ ಯಾರಿಗಾದರೂ ಮುಗಿಯುತ್ತದೆ, ಶನಿವಾರಗಳು ಯಾರಿಗಾದರೂ ಜಾರಿಹೋಗುತ್ತವೆ. ನಾನೂ ತಲೆ ಸುರುಳಿ ಮಾಡಿಸುತ್ತಾ ಕೂತವಳೇ. ಆ ಅಡುಗೆಮನೆಗೆ ಬೈದೆ. ಒಂಬತ್ತು ವರ್ಷ ಒಂದೇ ಮೇಜಿನಲ್ಲಿ ನನ್ನ ಎದುರು ಕೂತು, ನನ್ನ ಗಿಡ್ಡ ತಲೆ ನೋಡುತ್ತಾ ಉಂಡೆಯಲ್ಲ, ಅದಕ್ಕೆ ಬೈದೆ. ಅದನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ. ಸುಳ್ಳು ಬರೆಯುವುದೂ ಬೇಡ, ನಮ್ಮ ಮನೆಯಲ್ಲಿ ಅದು ಸಾಕಷ್ಟಾಗಿದೆ.

ಇದನ್ನು ಬರೆಯಲೆಂದು ಮರದಿಂದ ಎರಡು ಮೈಲಿ ವಾಪಸ್ ನಡೆದು ಬಂದಿದ್ದೇನೆ. ಈ ಸಲ ದಿಕ್ಕು ತಪ್ಪಿ ಅಲ್ಲ. ಶನಿವಾರ ನೀನು ಈ ಪುಸ್ತಕ ತೆರೆದೇ ತೆರೆಯುತ್ತೀಯ ಎಂದು ಗೊತ್ತು.

ನೀನು ಇದನ್ನು ಓದುವ ಹೊತ್ತಿಗೆ ನಾನು ನಮ್ಮ ಮನೆ ರಸ್ತೆ ದಾಟಿ ಮೂರು ದಿನವಾಗಿರುತ್ತದೆ. ನಮ್ಮ ಒಲೆಯ ಹೊಗೆ ನೋಡಿಕೊಂಡು ಹೋಗುತ್ತೇನೆ, ಒಳಗೆ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡ ಎಂದು ಹೇಳುವುದಿಲ್ಲ, ಮಾಡಿಕೋ. ಅಣ್ಣನ ಪುಸ್ತಕ ನನ್ನ ಚೀಲದಲ್ಲಿದೆ. ಅವನು ಜಾರ್ಜಿಯಾ ನೋಡಬೇಕು ಎಂದಿದ್ದ.

ಡಿಸೆಂಬರ್ 13, ಭಾನುವಾರ, ಮಧ್ಯಾಹ್ನ ಒಂದು ಗಂಟೆಗೆ ಜಾರ್ಜಿಯಾದಲ್ಲಿ ಹಾದಿ ಮುಗಿಯುವ ಸ್ಪ್ರಿಂಗರ್ ಬೆಟ್ಟದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿರುತ್ತೇನೆ. ಟ್ರಕ್ಕು ತಗೊಂಡು ಬಾ.

ತಡವಾದರೆ ಕಾಯುತ್ತೇನೆ. ನಡೆದು ಹೋಗುವುದಿಲ್ಲ.

ಕೊರಿ